ಜಾಸ್ತಿ ರೇಸ್ ಗೆದ್ದವರೇ ಯಾಕೆ ಚಾಂಪಿಯನ್ ಆಗೋದಿಲ್ಲ?

ಫಾರ್ಮುಲಾ ಒನ್‌ನಲ್ಲಿ ಜಾಸ್ತಿ ರೇಸ್ ಗೆದ್ದವರಿಗೆ ಕೆಲವು ಸಲ ಪಟ್ಟ ಯಾಕೆ ಸಿಗೋದಿಲ್ಲ, ಪಾಯಿಂಟ್ಸ್ ಸಮ ಆದ್ರೆ ಏನು ಮಾಡ್ತಾರೆ ಅಂತ ಕೇಳಿದ್ದೀರಿ. ಕಲಬುರಗಿ ಗಂಜ್‌ನಲ್ಲಿರುವ ನನ್ನ ಅಂಗಡಿಗೆ ಭಾನುವಾರ ರೇಸ್ ನೋಡಲು ಬರುವ ಹುಡುಗರೂ ಇದನ್ನೇ ಕೇಳುತ್ತಾರೆ. ಅವರಿಗೆ ತೊಗರಿ ಬಿಲ್ಲಿನ ಹಿಂಬದಿಯಲ್ಲಿ ಬರೆದು ತೋರಿಸುವುದನ್ನೇ ನಿಮಗೂ ಹೇಳುತ್ತೇನೆ.

ವರ್ಷದ ಎಲ್ಲ ರೇಸ್‌ಗಳ ಪಾಯಿಂಟ್ಸ್ ಕೂಡಿಸಿ, ಜಾಸ್ತಿ ಇದ್ದವರಿಗೆ ಪಟ್ಟ. ಪ್ರತಿ ರೇಸ್‌ನಲ್ಲಿ ಮೊದಲ ಹತ್ತು ಜನರಿಗೆ 25, 18, 15, 12, 10, 8, 6, 4, 2, 1 ಪಾಯಿಂಟ್ಸ್. ಇದು 2010ರಿಂದ ಇದೆ. ಹನ್ನೊಂದನೆಯವರಿಗೆ ಸೊನ್ನೆ. ಸ್ಪ್ರಿಂಟ್ ಅನ್ನೋ ಚಿಕ್ಕ ರೇಸ್ ಇದ್ದರೆ ಮೊದಲ ಎಂಟು ಜನರಿಗೆ 8ರಿಂದ 1ರವರೆಗೆ ಸಿಗುತ್ತದೆ. ಫಾಸ್ಟೆಸ್ಟ್ ಲ್ಯಾಪ್‌ಗೆ, ಅಂದರೆ ಟ್ರ್ಯಾಕ್‌ನ ಒಂದು ಸುತ್ತನ್ನು ಎಲ್ಲರಿಗಿಂತ ಬೇಗ ಮುಗಿಸಿದ್ದಕ್ಕೆ, ಕೊಡುತ್ತಿದ್ದ ಒಂದು ಪಾಯಿಂಟ್ 2025ರಿಂದ ಇಲ್ಲ.

ಪಾಯಿಂಟ್ಸ್‌ಗಿಂತ ನಡುವಿನ ಅಂತರ ನೋಡಿ, ಆಟ ಇರುವುದೇ ಅಲ್ಲಿ. ಈಗ ಮೊದಲ ಸ್ಥಾನಕ್ಕೂ ಎರಡನೆಯದಕ್ಕೂ 7 ವ್ಯತ್ಯಾಸ. 2003ರಿಂದ 2009ರವರೆಗೆ ಗೆದ್ದವರಿಗೆ 10, ಎರಡನೆಯವರಿಗೆ 8. ಅಂದರೆ ಬರೀ 2! 2003ರಲ್ಲಿ ಶುಮಾಕರ್ 6 ರೇಸ್ ಗೆದ್ದು 93 ಪಾಯಿಂಟ್ಸ್ ತಗೊಂಡರು. ರೈಕೊನೆನ್ ಗೆದ್ದದ್ದು ಒಂದೇ ಒಂದು, ಆದರೂ 91 ಬಂತು. ಏಳು ಸಲ ಎರಡನೇ ಸ್ಥಾನ ಬಿಡದೆ ಹಿಡಿದಿದ್ದರು. ಗೆಲುವಿಗೆ ಅಷ್ಟು ಕಡಿಮೆ ಬೆಲೆ ಕೊಟ್ಟದ್ದು ನನಗಂತೂ ಸರಿ ಅನಿಸಲ್ಲ. ಈಗಿನ ಲೆಕ್ಕವೇ ವಾಸಿ.

ಹಾಗಂತ ಈಗಲೂ ಗೆಲುವೊಂದೇ ಸಾಲದು. 2016ರಲ್ಲಿ ಹ್ಯಾಮಿಲ್ಟನ್ 10 ಗೆದ್ದರು, ರೋಸ್‌ಬರ್ಗ್ 9. ಪಟ್ಟ ರೋಸ್‌ಬರ್ಗ್‌ಗೆ, 385ಕ್ಕೆ 380. ಮಲೇಷ್ಯಾದಲ್ಲಿ ಮುಂದಿದ್ದ ಹ್ಯಾಮಿಲ್ಟನ್ ಕಾರಿನ ಎಂಜಿನ್ ಸುಟ್ಟು ಹೋಗಿತ್ತು. ಆ ದಿನದ ಸೊನ್ನೆಯೇ ಅವರಿಗೆ ಮುಳುವಾಯಿತು.

ಇನ್ನು ಸಮ ಆದರೆ? ಯಾರ ಗೆಲುವು ಜಾಸ್ತಿ ಅಂತ ನೋಡುತ್ತಾರೆ. ಅದೂ ಸಮವಾದರೆ ಎರಡನೇ ಸ್ಥಾನಗಳು, ಆಮೇಲೆ ಮೂರನೆಯವು, ಹೀಗೇ ಕೆಳಕ್ಕೆ. 2008ರ ಕೊನೆ ರೇಸ್ ಬ್ರೆಜಿಲ್‌ನಲ್ಲಿ. ಮಾಸ್ಸಾ ಗೆದ್ದು ಗುರಿ ಮುಟ್ಟಿ ಆಗಿತ್ತು. ಹ್ಯಾಮಿಲ್ಟನ್ ಇನ್ನೂ ಆರನೆಯವರು. ಮಳೆ ಬಿದ್ದು ಟ್ರ್ಯಾಕ್ ಒದ್ದೆ. ಕೊನೆ ಲ್ಯಾಪ್‌ನ ಕೊನೆ ತಿರುವುಗಳಲ್ಲಿ, ಒಣ ಟ್ರ್ಯಾಕ್‌ನ ಟೈರ್ ಮೇಲೆ ಜಾರುತ್ತಿದ್ದ ಗ್ಲಾಕ್ ಅವರನ್ನು ದಾಟಿ ಐದನೆಯವರಾದರು. 98ಕ್ಕೆ 97! ಆರರಲ್ಲೇ ಉಳಿದಿದ್ದರೆ ಇಬ್ಬರಿಗೂ 97. ಆಗ 5 ಗೆಲುವಿನ ಹ್ಯಾಮಿಲ್ಟನ್ ಅಲ್ಲ, 6 ಗೆಲುವಿನ ಮಾಸ್ಸಾ ಚಾಂಪಿಯನ್. ನೋಡಿ, ಐದನೇ ಸ್ಥಾನಕ್ಕೂ ಎಷ್ಟು ಬೆಲೆ ಅಂತ.

ತಂಡಗಳ ಪಟ್ಟಿ ಬೇರೆ. ಅದರಲ್ಲಿ ಎರಡೂ ಕಾರುಗಳ ಪಾಯಿಂಟ್ಸ್ ಕೂಡಿಸುತ್ತಾರೆ, ಅಷ್ಟೇ.

ಸೀಸನ್ ಮುಗಿಯೋ ಮೊದಲೇ ಪಟ್ಟ ಖಚಿತ ಆಗಬಹುದು. ಉಳಿದ ರೇಸ್‌ಗಳಿಂದ ಸಿಗಬಹುದಾದ ಒಟ್ಟು ಪಾಯಿಂಟ್ಸ್‌ಗಿಂತ ಮುನ್ನಡೆ ಜಾಸ್ತಿ ಇದ್ದರೆ ಮುಗೀತು. 2013ರಲ್ಲಿ ವೆಟ್ಟೆಲ್ ದೆಹಲಿ ಹತ್ತಿರದ ನಮ್ಮ ಬುದ್ಧ ಸರ್ಕ್ಯೂಟ್‌ನಲ್ಲೇ, ಇನ್ನೂ ಮೂರು ರೇಸ್ ಇರುವಾಗಲೇ ಪಟ್ಟ ಗೆದ್ದದ್ದು ಹೀಗೆ.