ವಾಕಿಟಾಕಿ ಒಂದೇ ಕಿಮೀಗೆ ಕೈಕೊಡುತ್ತಿದೆ, 5 ವಾಟಿನದು ಕೊಳ್ಳಲಾ? – ಪ್ರತಿಕ್ರಿಯೆ

ಗೋವಾ ಪ್ರವಾಸದಲ್ಲಿ ಎರಡು ಕಾರಿನ ನಡುವೆ ಮಾತಾಡಲು ವಾಕಿಟಾಕಿ ಬೇಕು, ಆದರೆ ಅದು ದೂರ ಮುಟ್ಟುತ್ತಿಲ್ಲ ಅಂದಿರಿ. ನಿಮ್ಮ ಸೆಟ್ ಕೆಟ್ಟಿರಲಿಕ್ಕಿಲ್ಲ, ಕಾರಿನ ತಗಡೇ ತರಂಗ ತಡೆಯುತ್ತಿದೆ. ಡಬ್ಬಿ ಮೇಲೆ ಬರೆದ 10 ಕಿಮೀ ಅನ್ನೋದು ಎದುರು ಏನೂ ಅಡ್ಡ ಇಲ್ಲದಾಗಿನ ಲೆಕ್ಕ.

ಮೊದಲು ಫ್ರೀಕ್ವೆನ್ಸಿ ನೋಡಿ. 446.0ರಿಂದ 446.2 ಮೆಗಾಹರ್ಟ್ಜ್, ಅರ್ಧ ವಾಟ್ ಇದ್ದರೆ ಲೈಸೆನ್ಸ್ ಬೇಡ. ನೀವು ಕೇಳಿದ 5 ವಾಟಿನ ಸೆಟ್ ಬೇಡವೇ ಬೇಡ, ಲೈಸೆನ್ಸ್ ಇಲ್ಲದೆ ಬಳಸುವುದು ಅಪರಾಧ.

ಆಮೇಲೆ ಎರಡೂ ಕಾರಿನ ಸೆಟ್‌ನಲ್ಲಿ ಚಾನೆಲ್ ಜೊತೆ ಟೋನ್ ಕೋಡ್ (ಅದೇ ಕೋಡ್ ಇರುವ ಸೆಟ್ಟಿನ ಮಾತು ಮಾತ್ರ ಕೇಳಿಸುವ ಸೆಟ್ಟಿಂಗ್) ಕೂಡ ಒಂದೇ ಇರಲಿ. ಗೇರ್ ಪಕ್ಕದ ಕಪ್ ಹೋಲ್ಡರ್‌ನಲ್ಲಿ ಇಡಬೇಡಿ (ನಾನೂ ಅದೇ ಮಾಡಿದ್ದೆ). ಚಾಲಕರ ಪಕ್ಕ ಕೂತವರು ಕಿಟಕಿ ಗಾಜಿನ ಹತ್ತಿರ, ಆಂಟೆನಾ ನೆಟ್ಟಗೆ ಹಿಡಿದು ಮಾತಾಡಲಿ. ಗುಂಡಿ ಒತ್ತಿ ಒಂದು ಕ್ಷಣ ಬಿಟ್ಟು ಶುರು ಮಾಡಿ. ಇಲ್ಲದಿದ್ದರೆ ‘ಬಲಕ್ಕೆ ತಿರುಗು’ ಅಂದಿದ್ದು ಹಿಂದಿನ ಕಾರಿಗೆ ಬರೀ ‘ತಿರುಗು’ ಅಂತ ಕೇಳುತ್ತೆ!

ವಿಜಯಪುರ ದಾಟಿ ಕೊಲ್ಹಾರದ ಕಡೆ ಬಯಲಲ್ಲಿ ಒಂದು ಕಿಮೀ ಸಿಕ್ಕರೆ ಸಾಕು ಅಂದುಕೊಳ್ಳಿ. ಬೆಳಗಾವಿ ಬಿಟ್ಟು ಗೋವಾಕ್ಕೆ ಇಳಿಯುವ ಚೋರ್ಲಾ ಘಾಟಿನಲ್ಲಿ ಎಷ್ಟು ಸಿಗುತ್ತೆ ಅಂತ ಖಚಿತ ಹೇಳಲಾಗದು, ಗುಡ್ಡ ಅಡ್ಡ ಬಂದರೆ ಮುಗೀತು. ಅಲ್ಲಿ ಮುಂದಿನ ಕಾರು ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಇರಿ. ಹೊರಡುವ ಹಿಂದಿನ ದಿನ ಸೊಲ್ಲಾಪುರ ರಸ್ತೆಯಲ್ಲಿ ಎರಡೂ ಕಾರು ಓಡಿಸಿ ಒಮ್ಮೆ ಪರೀಕ್ಷೆ ಮಾಡಿ.