ಕಾಟುಮಾವಿನ ಬುಡದಲ್ಲಿ ಯಾವ ಗಿಡ ಉಳಿಯುತ್ತದೆ?

ಪ್ರಶ್ನೆ: ಮನೆಯ ಬಡಗು ಬದಿಯಲ್ಲಿ ಅತ್ತೆಯವರ ಕಾಲದ ಕಾಟುಮಾವಿನ ಮರ ಇದೆ. ಅದರ ಬುಡದಲ್ಲಿ ಏನು ನೆಟ್ಟರೂ ಉಳಿಯುವುದಿಲ್ಲ. ದಾಸವಾಳ ಬರೀ ಎಲೆ ಬಿಟ್ಟಿತು, ಆಂಥೂರಿಯಂ ಫೆಬ್ರವರಿಯಲ್ಲೇ ಒಣಗಿತು. ಬೇಸಿಗೆಯಲ್ಲಿ ಬಾವಿ ನೀರು ಕುಡಿಯಲು ಸಾಕಾದರೆ ಹೆಚ್ಚು. ಮರ ಕಡಿಯಲು ಮನಸ್ಸಿಲ್ಲ. ಎರಡು ವರ್ಷದ ಮಗು ಅಂಗಳದಲ್ಲಿ ಆಡುತ್ತಾಳೆ. ಆ ಜಾಗಕ್ಕೆ ಏನು ನೆಡಬಹುದು?
— ಓದುಗರು, ಬದಿಯಡ್ಕ

ಉತ್ತರ: ಮರ ಕಡಿಯಲು ಮನಸ್ಸಿಲ್ಲ ಅಂತ ಬರೆದಿದ್ದೀರಲ್ಲ, ಓದಿ ತುಂಬಾ ಖುಷಿಯಾಯಿತು. ಉಪ್ಪಿನಕಾಯಿಗೆ ಒಳ್ಳೆಯ ಮಿಡಿ ಕೊಡುವ ಕಾಟುಮಾವು ಒಮ್ಮೆ ಹೋದರೆ ಮತ್ತೆ ಬರುವುದಿಲ್ಲ. ಹಾಗಾಗಿ ಮರಕ್ಕೆ ಒಗ್ಗುವ ಗಿಡಗಳನ್ನೇ ಹುಡುಕೋಣ.

ಒಣ ನೆರಳಿಗೆ ಗಿಡ ಹೇಳುವವರು ಹೆಚ್ಚಾಗಿ ನಮ್ಮ ಮಳೆಯನ್ನು ಮರೆತುಬಿಡುತ್ತಾರೆ. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುತ್ತದೆ. ಅದರಲ್ಲಿ ಹೆಚ್ಚಿನದೂ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಮುರಕಲ್ಲಿನ (ಜಂಬಿಟ್ಟಿಗೆ) ನೆಲದಲ್ಲಿ ಆ ನೀರು ನಿಲ್ಲುವುದಿಲ್ಲ. ಉಳಿದ ಪಸೆಯನ್ನು ಮಾವಿನ ಬೇರು ಎಳೆದುಕೊಳ್ಳುತ್ತದೆ. ಅಂದರೆ ನಿಮ್ಮ ಆ ಮೂಲೆ ಆಟಿಯ ಜಡಿಮಳೆಗೆ ತೊಟ್ಟಿಕ್ಕುತ್ತಿರುತ್ತದೆ, ಫೆಬ್ರವರಿಗೆ ಸುಟ್ಟ ಹಂಚಿನ ಹಾಗಾಗುತ್ತದೆ. ಎರಡನ್ನೂ ತಾಳುವ ಗಿಡ ಬೇಕು. ಸ್ನೇಕ್ ಪ್ಲಾಂಟ್ ಬೇಸಿಗೆಯನ್ನು ಚೆನ್ನಾಗಿ ತಾಳುತ್ತದೆ, ಆದರೆ ಮಳೆಗಾಲದಲ್ಲಿ ಬುಡದಲ್ಲಿ ನೀರು ನಿಂತರೆ ಕೊಳೆಯುತ್ತದೆ. ಅದು ಚಟ್ಟಿಯಲ್ಲಿ, ಜಗಲಿಯ ಮೇಲೆ ಇರಲಿ.

ಇನ್ನೊಂದು ವಿಷಯ. ಮಾವು ಹೂ ಬಿಡುವ ಮೊದಲು ಸ್ವಲ್ಪ ಕಾಲ ಬುಡ ಒಣಗಬೇಕು. ನವೆಂಬರ್, ಡಿಸೆಂಬರಿನಲ್ಲಿ ಬುಡಕ್ಕೆ ನೀರು ಜಾಸ್ತಿಯಾದರೆ ಮರ ಹೂವಿನ ಬದಲು ಚಿಗುರುತ್ತದೆ. ಹಾಗಾಗಿ ಬೇಸಿಗೆಯಲ್ಲಿ ನೀರೇ ಬೇಡದ ಗಿಡ ನೆಟ್ಟರೆ ಬಾವಿಗೂ ಒಳ್ಳೆಯದು, ಮಿಡಿಗೂ ಒಳ್ಳೆಯದು. ಅಂಥ ಗಿಡಗಳು ನಮ್ಮಲ್ಲೇ ಇವೆ. ಮಳೆಗೆ ಎದ್ದು, ಬೇಸಿಗೆಗೆ ಎಲೆ ಉದುರಿಸಿ, ಗೆಡ್ಡೆಯಾಗಿ ಮಣ್ಣಿನೊಳಗೆ ಮಲಗುವ ಗಿಡಗಳು.

ಅವುಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟ ನೆಲಸಂಪಿಗೆ. ನಮ್ಮ ಹಲಸಿನ ಬುಡದಲ್ಲಿ ಇದೆ. ಏಪ್ರಿಲ್‌ನಲ್ಲಿ ನೋಡಿದರೆ ಅಲ್ಲಿ ತರಗೆಲೆ ಬಿಟ್ಟು ಏನೂ ಕಾಣುವುದಿಲ್ಲ. ಒಂದೆರಡು ಬೇಸಿಗೆ ಮಳೆ ಬಿದ್ದ ಮೇಲೆ ಒಂದು ಬೆಳಿಗ್ಗೆ ಬರಿಯ ಮಣ್ಣಿನಿಂದಲೇ ಹೂ ಎದ್ದಿರುತ್ತದೆ. ಬಿಳಿ ಎಸಳು, ನಡುವೆ ನೇರಳೆ ಬಣ್ಣ. ಬಗ್ಗಿದರೆ ಸಾಕು, ಪರಿಮಳ ಮೂಗಿಗೆ ಬಡಿಯುತ್ತದೆ. ಆಗ ಎಲೆ ಒಂದೂ ಇರುವುದಿಲ್ಲ. ಆಮೇಲೆ ಬರುವ ಎಲೆಯೂ ಚಂದ, ಮೇಲ್ಗಡೆ ಗೀರು ಗೀರು, ಅಡಿಯಲ್ಲಿ ನೇರಳೆ. ಮಗುವಿಗೆ ತೋರಿಸಲಾದರೂ ನಾಲ್ಕು ಗೆಡ್ಡೆ ನೆಡಿ.

ಅದರ ಪಕ್ಕಕ್ಕೆ ಅರಿಶಿನ, ಕೂವೆ. ಏಪ್ರಿಲ್, ಮೇ ತಿಂಗಳಲ್ಲಿ ನಾಲ್ಕು ಮಳೆ ಬಿದ್ದು ಮಣ್ಣು ತಣಿದಾಗ ಗೆಡ್ಡೆ ಇಟ್ಟರೆ ಆಯಿತು. ಗಾಢ ನೆರಳಿನಲ್ಲಿ ಗೆಡ್ಡೆ ಸಣ್ಣದಾಗಬಹುದು, ಆದರೆ ನಾಗರಪಂಚಮಿಯ ಕಡುಬಿಗೆ ಅರಿಶಿನದ ಎಲೆ ಸಿಗುತ್ತದೆ ಅಲ್ವಾ? ಕೇನೆ (ಸುವರ್ಣಗೆಡ್ಡೆ) ಕೂಡ ನೆರಳಿನಲ್ಲಿ ಬರುತ್ತದೆ. ಕುಂಭ ತಿಂಗಳಲ್ಲಿ (ಫೆಬ್ರವರಿ-ಮಾರ್ಚ್) ನೆಟ್ಟರೆ ಕೊಡದಷ್ಟು ಗೆಡ್ಡೆ ಅಂತ ಮಲಯಾಳದಲ್ಲಿ ಮಾತೇ ಇದೆ. ಆದರೆ ಅದಕ್ಕೆ ದೊಡ್ಡ ಗುಂಡಿ ಬೇಕು, ಮುಟ್ಟಿದರೆ ತುರಿಕೆ ಬೇರೆ. ಮಗು ಆಡುವಲ್ಲಿ ಬೇಡ, ತೋಟದ ಕಡೆ ಹಾಕಿ. ಡೈಫನ್‌ಬೇಕಿಯಾ, ಝೀಝೀ ಪ್ಲಾಂಟ್ ಕೂಡ ಹಾಗೆಯೇ. ನೆರಳಿನಲ್ಲಿ ಚೆನ್ನಾಗಿ ಬರುತ್ತವೆ, ಆದರೆ ಎಲೆ ಜಗಿದರೆ ಬಾಯಿ ಉರಿದು ಊದಿಕೊಳ್ಳುತ್ತದೆ. ಮಗು ದೊಡ್ಡದಾಗುವವರೆಗೆ ತರಬೇಡಿ.

ವರ್ಷವಿಡೀ ಹಸಿರು ಬೇಕಿದ್ದರೆ ಕೇಪುಳ (ಇಕ್ಸೋರಾ). ನಮ್ಮ ಗುಡ್ಡೆಯ ಮುರಕಲ್ಲಿನಲ್ಲೇ ಹುಟ್ಟಿ ಬೆಳೆಯುವ ಗಿಡ ಅದು. ನೆರಳಿನಲ್ಲಿ ಹೂ ಕಡಿಮೆ, ಆದರೆ ಸಾಯುವುದಿಲ್ಲ. ಬೆಳಗಿನ ಬಿಸಿಲು ತಾಗುವ ಅಂಚಿನಲ್ಲಿ ಅಬ್ಬಲಿಗೆ, ಗೋರಟೆ ಇರಲಿ. ಬೇಲಿಯ ಬದಿಗೆ ಆಡುಸೋಗೆ ಸಾಕು. ದನ ಬಾಯಿ ಹಾಕುವುದಿಲ್ಲ. ದಾಸವಾಳ, ಮಲ್ಲಿಗೆ ಎರಡಕ್ಕೂ ಬಿಸಿಲು ಬೇಕೇ ಬೇಕು. ಅವುಗಳ ಆಸೆ ಬಿಡಿ.

ನೆಡುವುದು ಹೇಗೆ ಎಂಬುದೂ ಮುಖ್ಯ. ಪಿಕ್ಕಾಸು ಹಿಡಿದು ಇಡೀ ಬುಡವನ್ನು ಅಗೆಯಬೇಡಿ. ಬೇರು ಮತ್ತು ಬೇರಿನ ನಡುವೆ ಕೈಯಲ್ಲಿ ತಡಕಿ, ಮಣ್ಣು ಮೆತ್ತಗಿರುವಲ್ಲಿ ಸಣ್ಣ ಗುಂಡಿ ಮಾಡಿ. ಹೆಬ್ಬೆರಳಿಗಿಂತ ದಪ್ಪದ ಬೇರು ಸಿಕ್ಕರೆ ಕಡಿಯಬೇಡಿ, ಗುಂಡಿಯನ್ನೇ ಆಚೆ ಸರಿಸಿ. ಹೊರಗಿನಿಂದ ಮಣ್ಣು ತಂದು ಕಾಂಡಕ್ಕೆ ಏರಿಸುವುದೂ ಬೇಡ, ತೊಗಟೆ ಕೊಳೆಯುತ್ತದೆ. ಕೇಪುಳದಂಥ ಪೊದೆಗಳ ಗುಂಡಿಯ ಅಡಿಗೆ ತೆಂಗಿನ ಸಿಪ್ಪೆಯನ್ನು ಬಟ್ಟಲಿನ ಹಾಗೆ ಮೇಲ್ಮುಖವಾಗಿ ಜೋಡಿಸಿ. ಅದು ಮಳೆ ನೀರನ್ನು ಹೀರಿ ಇಟ್ಟುಕೊಳ್ಳುತ್ತದೆ. ತೆಂಗಿನ ತೋಟದಲ್ಲಿ ಹೀಗೆ ಹೂತ ಸಿಪ್ಪೆ 5ರಿಂದ 7 ವರ್ಷ ಉಪಕಾರಕ್ಕೆ ಬರುತ್ತದೆ. ಮೇಲೆ ಸುಡುಮಣ್ಣು, ಹಟ್ಟಿಗೊಬ್ಬರ ಬೆರೆಸಿ ತುಂಬಿಸಿ. ಮಾವಿನ ತರಗೆಲೆಯನ್ನು ಗುಡಿಸಿ ಸುಡಬೇಡಿ, ಅಲ್ಲೇ ಹಾಸಿ. ಜಗಲಿಯ ಪಕ್ಕ ಮಾತ್ರ ಮೂರು ಅಡಿ ಖಾಲಿ ಬಿಡಿ. ಹಾವು ಬಂದರೆ ಕಣ್ಣಿಗೆ ಬೀಳಬೇಕು.

ಪೊದೆ ಗಿಡಗಳನ್ನು ಮೇ ಕೊನೆಗೆ ಬರುವ ಪತ್ತನಾಜೆ ಕಳೆದು ಮಳೆ ಹಿಡಿದ ಕೂಡಲೇ ನೆಡಿ. ಆಗ ಬೇರು ಇಳಿಯಲು ನಾಲ್ಕು ತಿಂಗಳು ಸಿಗುತ್ತದೆ. ಮೊದಲ ಬೇಸಿಗೆಯಲ್ಲಿ ಮಾತ್ರ ಕೇಪುಳ, ಅಬ್ಬಲಿಗೆ, ಗೋರಟೆ, ಆಡುಸೋಗೆಗೆ ವಾರಕ್ಕೆ ಎರಡು ಸಲ ಒಂದೊಂದು ಚೆಂಬು ನೀರು ಹಾಕಿ. ಅಕ್ಕಿ ತೊಳೆದ ನೀರಾದರೂ ಆಗುತ್ತದೆ. ಅರಿಶಿನ, ಕೂವೆ, ನೆಲಸಂಪಿಗೆಗೆ ಅದೂ ಬೇಡ. ಜನವರಿಯಲ್ಲಿ ಅವುಗಳ ಎಲೆ ಹಳದಿಯಾದರೆ ಸತ್ತಿತು ಅಂತ ಕಿತ್ತು ಬಿಸಾಡಬೇಡಿ. ನೆಟ್ಟ ಜಾಗಕ್ಕೆ ಒಂದೊಂದು ಕೋಲು ಊರಿ ಗುರುತು ಇಟ್ಟುಕೊಳ್ಳಿ.