ಲಂಡನ್ನಿನ ಮ್ಯಾಡ್‌ನೆಸ್ ಬ್ಯಾಂಡಿನ 'ದಿ ಲಿಬರ್ಟಿ ಆಫ್ ನಾರ್ಟನ್ ಫೋಲ್ಗೇಟ್' ಆಲ್ಬಂ ಎರಡು ಥರ ಇದೆಯಲ್ಲ, ಒರಿಜಿನಲ್ ಯಾವ್ದು, ಯಾವ್ದು ತಗೊಳ್ಲಿ?

ಅಯ್ಯೋ ಗುರೂ, ಈ 'ಒರಿಜಿನಲ್ ಯಾವ್ದು' ಅನ್ನೋ ಹುಳ ನನ್ನ ತಲೇಲೂ ಹೊಕ್ಕಿತ್ತು, ಅದ್ರಿಂದಾನೇ ಕೈಲಿದ್ದ ಬಾಕ್ಸ್ ಸೆಟ್ ಕಳ್ಕೊಂಡೆ.

2009ರಲ್ಲಿ ಲಂಡನ್ನಲ್ಲಿದ್ದೆ, ಲಿವರ್‌ಪೂಲ್ ಸ್ಟ್ರೀಟ್ ಸ್ಟೇಷನ್ ಹತ್ರ ಆಫೀಸು. ಮ್ಯಾಡ್‌ನೆಸ್ ಅಂದ್ರೆ 1982ರ 'ಅವರ್ ಹೌಸ್' ಒಂದೇ ಗೊತ್ತಿದ್ದಿದ್ದು. ಮಾರ್ಚಲ್ಲಿ ಈ ಆಲ್ಬಂದು ಬಾಕ್ಸ್ ಸೆಟ್ ಬಂತು, ತಗೊಂಡೆ. ಮೇ ತಿಂಗಳಲ್ಲಿ ಅದೇ ಹೆಸರಲ್ಲಿ ಮಾಮೂಲಿ ಸಿಡಿ, 15 ಹಾಡು, ಬಾಕ್ಸಲ್ಲಿದ್ದ ಎಷ್ಟೋ ಹಾಡು ಇದ್ರಲ್ಲಿಲ್ಲ. ನಾನು ಸಾಫ್ಟ್‌ವೇರ್ ಟೆಸ್ಟರ್ ನೋಡಿ, ಓಹೋ ಮಾರ್ಚಿಂದು ಬೀಟಾ (ಟೆಸ್ಟಿಂಗ್‌ಗೆ ಅಂತ ಬಿಡೋ ಕಚ್ಚಾ ರೂಪ), ಮೇದು ಫೈನಲ್ ರಿಲೀಸು ಅಂತ ನಾನೇ ತೀರ್ಮಾನ ಮಾಡ್ಬಿಟ್ಟೆ. ತೆಗೆದ ಹಾಡು ಅಂದ್ರೆ ಬಗ್ ಇದ್ದಿದ್ದಕ್ಕೇ ತೆಗ್ದಿರ್ತಾರೆ, ಹಳೇ ಬಿಲ್ಡ್ ಯಾರಾದ್ರೂ ಇಟ್ಕೋತಾರಾ, ಬರೀ ಜಾಗ ದಂಡ, ಅಂತೆಲ್ಲ ಲೆಕ್ಕ ಹಾಕಿ ಒಂದು ಶನಿವಾರ ಕ್ಯಾಮ್ಡೆನ್ನಿಗೆ ಹೋಗಿ ಸೆಕೆಂಡ್ ಹ್ಯಾಂಡ್ ಅಂಗಡೀಲಿ ಮಾರ್ದೆ. ಅಂಗಡಿಯವ್ನು ಡಬ್ಬಿ ಮುಚ್ಚಳ ಎತ್ತಿ ನೋಡಿ, ನನ್ನ ಮುಖ ನೋಡಿ, 'ನಿಜವಾಗ್ಲೂ ಕೊಡ್ತೀರಾ' ಅಂತ ಎರಡು ಸಲ ಕೇಳ್ದ. ಆಗ್ಲಾದ್ರೂ ಬುದ್ಧಿ ಬರ್ಬೇಕಿತ್ತಲ್ವಾ? ಅದೂ ಆ ಬ್ಯಾಂಡು ಹುಟ್ಟಿದ ಕ್ಯಾಮ್ಡೆನ್ನಲ್ಲೇ ಮಾರಿದ್ದು, ಕರ್ಮ.

ಆಮೇಲೆ ಗೊತ್ತಾಯ್ತು, ಇದೇ ಆಲ್ಬಂನ 'ಎನ್‌ಡಬ್ಲ್ಯೂ5' ಹಾಡು ಸಿಂಗಲ್ ಆಗಿ ಬಂದಿದ್ದು 2008 ಜನವರೀಲಿ, ಹೊಸ ಹಾಡುಗಳನ್ನ ಜೂನಲ್ಲಿ ಲಂಡನ್ನಿನ ಹ್ಯಾಕ್ನಿ ಎಂಪೈರ್ ಥಿಯೇಟರ್ ಸ್ಟೇಜ್ ಮೇಲೆ ಆಗ್ಲೇ ಹಾಡ್ಬಿಟ್ಟಿದ್ರು. ಬಾಕ್ಸು, ಸಿಡಿ ಎಲ್ಲ ಅದಾದ್ಮೇಲೆ. ಇದ್ರಲ್ಲಿ ಒರಿಜಿನಲ್ ಅಂತ ಯಾವ್ದನ್ನ ಹಿಡ್ಕೊಂಡು ಕೂರ್ತೀರ? ಪ್ರಶ್ನೇನೇ ಸರಿ ಇಲ್ಲ ಸಾರ್. ಯಾವ್ದು ಸಿಗುತ್ತೋ ಅದನ್ನ ತಗೊಳ್ಳಿ, ಆದ್ರೆ ಷಫಲ್ ಹಾಕ್ಬೇಡಿ, ಕೊನೇಲಿರೋ ಟೈಟಲ್ ಹಾಡು ಹತ್ತು ನಿಮಿಷ ಇದೆ ಅಂತ ಹಾರಿಸ್ಲೂಬೇಡಿ. ಅವ್ರ ಹಳೇ ಸ್ಕಾದ (ಜಮೈಕಾದಲ್ಲಿ ಹುಟ್ಟಿದ ಕುಣಿಸೋ ಸಂಗೀತ) ಚಕ್ ಚಕ್ ಗಿಟಾರೇ ಬೇಕು ಅಂದ್ರೆ 1979ರ 'ಒನ್ ಸ್ಟೆಪ್ ಬಿಯಾಂಡ್' ಕೇಳ್ಕೊಳ್ಳಿ. ಇದು ಬೇರೆ, ಊರಿನ ಕಥೆ ಹೇಳೋ ಹಾಡು, ನಡುನಡುವೆ ತಾಳಾನೇ ಬದ್ಲಾಗತ್ತೆ.

ನಾರ್ಟನ್ ಫೋಲ್ಗೇಟ್ ಅನ್ನೋದು ಲಂಡನ್ನಲ್ಲಿ ಬಿಷಪ್ಸ್‌ಗೇಟಿಂದ ಶೋರ್‌ಡಿಚ್ ಕಡೆ ಹೋಗೋವಾಗ ಸಿಗೋ ಗೇಣುದ್ದ ರಸ್ತೆ. 'ಲಿಬರ್ಟಿ' ಅಂದ್ರೆ ಅಲ್ಲಿ ಬರೀ ಸ್ವಾತಂತ್ರ್ಯ ಅಲ್ಲ, ಒಂದ್ಕಾಲದಲ್ಲಿ ತನ್ನ ಆಡಳಿತ ತಾನೇ ನೋಡ್ಕೊಳ್ತಿದ್ದ ಪುಟ್ಟ ಜಾಗ. ನಾನು ದಿನಾ ಮಧ್ಯಾಹ್ನ ಸ್ಯಾಂಡ್‌ವಿಚ್ ಹಿಡ್ಕೊಂಡು ಅಲ್ಲೇ ಓಡಾಡ್ತಿದ್ದೆ, ಕಿವೀಲಿ ಇದೇ ಆಲ್ಬಂ ಷಫಲ್‌ನಲ್ಲಿ, ತಲೆ ಎತ್ತಿ ಬೋರ್ಡ್ ಓದ್ಲಿಲ್ಲ.